ಹದಿನಾಲ್ಕನೇ ಬೆಡ್ಡಿನ ಮೇಲಿನ ವಲ್ಲಿ

ಸಾವಂತ್ರೆವ್ವ ಯಾರನ್ನೂ ನಂಬುವ ಪೈಕಿ ಅಲ್ಲ. ತನ್ನೂರು ತಂಬೂರಿನ ಗಿರಣಿಗೆ ಜೋಳ ಒಯ್ದರೆ, ತನ್ನ ಕಾಳು ಕಲ್ಲಿನ ಬಾಯಿಗೆ ಬಿದ್ದು ಹಿಟ್ಟಾಗಿ ತನ್ನದೇ ಡಬ್ಬಿಗೆ ಇಳಿಯುವ ತನಕ ಅಲ್ಲಿಂದ ಕಾಲು ಕೀಳುತ್ತಿರಲಿಲ್ಲ. ನೆರೆಮನೆಯವರು ಹೆಪ್ಪಿಗೆ ಮೊಸರು ಕೇಳಿದರೆ ಕೊಡುತ್ತಿದ್ದಳು, ಆದರೆ ಅವರ ಮನೆಯಲ್ಲಿ ಹಾಲೆಷ್ಟಿದೆ ಎಂದು ಇಣುಕಿ ನೋಡಿ ಬಂದ ಮೇಲೆ. ಊರ ಹೆಂಗಸರು ಬೆನ್ನ ಹಿಂದೆ ಆಕೆಯನ್ನು ‘ಫೌಜದಾರವ್ವ’ ಎನ್ನುತ್ತಿದ್ದರು. ಅದು ಆಕೆಗೂ ಗೊತ್ತಿತ್ತು. ಆ ಹೆಸರು ಯಾರ ಬಾಯಿಂದ ಮೊದಲು ಬಂತು ಎಂಬುದರ ಬಗ್ಗೆ ಮೂವರ ಮೇಲೆ ಆಕೆಗೆ ಸಂಶಯವಿತ್ತು.

ಗಂಡ ಗಂಗಪ್ಪ ಇದಕ್ಕೆ ತದ್ವಿರುದ್ಧ. ಕತ್ತೆಗೆ ಕೋಡು ಬಂದಿದೆ ಎಂದರೆ ಎಷ್ಟುದ್ದ ಬಂದಿದೆ ಎಂದು ಕೇಳುವ ಮನುಷ್ಯ. ಬಾಜೂ ಹೊಲದವರು ಕಬ್ಬು ಕಡಿದ ಮೇಲೆ ಒಣಗಿದ ಎಲೆಯ ರವದಿಗೆ ಬೆಂಕಿ ಹಚ್ಚುವಾಗ, ‘ಒಂದ ತಾಸಿನಾಗ ಆರತೈತಿ ಗಂಗಣ್ಣಾ’ ಎಂದಿದ್ದರು. ಎರಡು ದಿನ ಹೊಗೆಯಾಡಿತು. ಮೊದಲೇ ದಮ್ಮಿನ ಎದೆ. ಮೂರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಗಂಗಪ್ಪ ಗೋಡೆಗೆ ಆನಿಕೊಂಡು, ಒಂದೊಂದು ಉಸಿರನ್ನೂ ಬಾವಿಯಿಂದ ನೀರು ಸೇದಿದ ಹಾಗೆ ಎಳೆಯತೊಡಗಿದ. ಕಲಘಟಗಿಯ ಡಾಕ್ಟರು ಮೂಗಿಗೆ ಮಾಸ್ಕ್ ಹಾಕಿ, ಇದು ನಮ್ಮಲ್ಲಿ ಆಗುವ ಕೆಲಸವಲ್ಲ ಎಂದು ಒನ್ ನಾಟ್ ಎಯ್ಟ್ ಗಾಡಿಯಲ್ಲಿ ಶಹರದ ದೊಡ್ಡ ದವಾಖಾನೆಗೆ ಕಳಿಸಿದರು. ಜೊತೆಗೆ ಬಂದವನು ಗಂಗಪ್ಪನ ತಮ್ಮನ ಮಗ ಮಾಂತೇಶ, ಮೂವತ್ತರ ಗಂಡಾಳು.

ದೊಡ್ಡ ದವಾಖಾನೆಯ ಎಮರ್ಜೆನ್ಸಿ ವಾರ್ಡಿನಲ್ಲಿ ಮೂವತ್ತು ಬೆಡ್ಡು. ಮೂವತ್ತರಲ್ಲೂ ಜನ. ಹೊರಗಿನ ಪಡಸಾಲೆಯಲ್ಲಿ ಸ್ಟ್ರೆಚರಿನ ಮೇಲೆ ಕೆಲವರು, ನೆಲದ ಮೇಲೆ ಹಲವರು. ಎಳೆಯ ವಯಸ್ಸಿನ ಡಾಕ್ಟರ್ ಒಬ್ಬರು ಗಂಗಪ್ಪನ ಎದೆ ನೋಡಿ, ಚೀಟಿಯ ಮೇಲೆ ‘ಮೂರು’ ಎಂದು ಬರೆದು ಸ್ಟ್ರೆಚರಿಗೆ ಅಂಟಿಸಿದರು.

“ನಿಮ್ಮದು ಮೂರನೇ ನಂಬರ್ರಿ. ಬೆಡ್ ಖಾಲಿ ಆದಂಗ ಕೊಡ್ತೀವಿ. ಅಲ್ಲೀತನಾ ಈ ಸಿಲಿಂಡರಿನ ಮುಳ್ಳು ನೋಡ್ಕೋತ ಇರ್ರಿ. ಕೆಂಪು ಗೀಟಿಗೆ ಬಂತಂದ್ರ ಕೂಡ್ಲೇ ಕರೀರಿ,” ಎಂದು ಹೇಳಿ ಹೊರಟುಹೋದರು. ಮಾಂತೇಶ ತಪಾಸಣೆಗೆ ತೆಗೆದ ರಕ್ತದ ಬಾಟಲಿ ಹಿಡಿದು ಲ್ಯಾಬಿನ ಪಾಳಿಗೆ ಹೋದ.

ಸಾವಂತ್ರೆವ್ವ ಪಡಸಾಲೆಯನ್ನು ಒಮ್ಮೆ ಕಣ್ಣಾಡಿಸಿ ನೋಡಿದಳು. ಬಣ್ಣ ಬಳಿದಿದ್ದರು, ಟೈಲ್ಸ್ ಹಾಕಿದ್ದರು. ಆದರೆ ಜಾಗ ಅದೇ. ಹನ್ನೆರಡು ವರ್ಷದ ಹಿಂದೆ ಇದೇ ಗೋಡೆಯ ಬುಡದಲ್ಲಿ ಆಕೆಯ ಒಡಹುಟ್ಟಿದ ಅಣ್ಣ ಭರಮಪ್ಪ ಒಂದು ಹಗಲು ಪೂರ್ತಿ ಬೆಡ್ಡಿಗೆ ಕಾದಿದ್ದ. ಆಗಲೂ ‘ಖಾಲಿ ಆದಂಗ ಕೊಡ್ತೀವಿ’ ಎಂದೇ ಹೇಳಿದ್ದರು. ಬೆಡ್ಡು ಸಿಕ್ಕಿತು ಎಂದು ಕರೆಯಲು ಬಂದಾಗ ಅಣ್ಣನಿಗೆ ಅದರ ಗರಜು ಉಳಿದಿರಲಿಲ್ಲ. ಅವನಿಗಿಂತ ಆಮೇಲೆ ಬಂದವರು ಒಳಗೆ ಹೋದದ್ದನ್ನು ಸಾವಂತ್ರೆವ್ವ ಕಣ್ಣಾರೆ ಕಂಡಿದ್ದಳು. ಆ ಸಿಟ್ಟು ಆಕೆಯ ಎದೆಯಲ್ಲಿ ಹನ್ನೆರಡು ವರ್ಷದಿಂದ ಒಂದೇ ಸವನೆ ಉರಿಯುತ್ತಿತ್ತು. ಈ ಸಲ ಹಾಗಾಗಲು ಬಿಡುವುದಿಲ್ಲ ಎಂದು ಸೆರಗು ಬಿಗಿದು ನಿಂತಳು.

ಬಾಜೂ ಸ್ಟ್ರೆಚರಿನ ಮೇಲೆ ಕಾಲು ಬಾತ ಒಬ್ಬ ಮುದುಕ. ಅವನಿಗೂ ಮಾಸ್ಕು, ಅವನಿಗೂ ಸಿಲಿಂಡರು, ಚೀಟಿಯ ಮೇಲೆ ‘ನಾಲ್ಕು’. ಅವನ ಹೆಂಡತಿ ನೆಲಕ್ಕೆ ಕೆಂಪು ಪಟ್ಟೆಯ ಸಣ್ಣ ಜಮಖಾನೆ ಹಾಸಿಕೊಂಡು ಕೂತಿದ್ದಳು. ಕೂತವಳೇ ಮಾತು ಶುರು ಮಾಡಿದಳು.

“ನಾವು ನವಲಗುಂದದವ್ರರಿ ಅಕ್ಕಾರ. ಜುಲೇಖಾಬಿ ಅಂತ. ಇದ ಜಮಖಾನಿ ನೇಯೂದ ನಮ್ಮ ಕೆಲಸ. ನಮ್ಮನಿಯವ್ರು ಮಕ್ತುಮಸಾಬರು, ಹಾರ್ಟ್ ವೀಕ್ ಐತಂತ. ನಿಮ್ದು ಎಷ್ಟನೇ ನಂಬರ್ರಿ?”

ಮೂರನೆಯ ನಂಬರು ಸ್ಟ್ರೆಚರಿನ ಮೇಲೆ ಗುಂಡಗೆ ಕಾಣುತ್ತಿತ್ತು. ಕಂಡರೂ ಕೇಳುತ್ತಾಳೆ ಎಂದರೆ ಏನೋ ಮತಲಬು ಇರಬೇಕು ಎಂದುಕೊಂಡ ಸಾವಂತ್ರೆವ್ವ, “ಐತಿ ಏನೋ ಒಂದು,” ಎಂದು ಮುಖ ತಿರುಗಿಸಿದಳು. ನಾಲ್ಕನೆಯವರು ಮೂರನೆಯವರ ಮೇಲೆ ಕಣ್ಣಿಡದೆ ಇನ್ನಾರ ಮೇಲೆ ಇಟ್ಟಾರು?

ಏಳು ಗಂಟೆಯೊಳಗೆ ಒಂದು, ಎರಡನೇ ನಂಬರಿನವರು ಒಳಗೆ ಹೋದರು. ಅಷ್ಟರಲ್ಲಿ ನಂಬರೇ ಇಲ್ಲದ ಒಬ್ಬನನ್ನು ನಾಲ್ಕು ಜನ ಹೊತ್ತು ತಂದು ಸೀದಾ ವಾರ್ಡಿಗೆ ನುಗ್ಗಿಸಿದರು. ಸಾವಂತ್ರೆವ್ವ ಬಾಗಿಲ ಕಾವಲಿನವನ ಮೇಲೆ ಏರಿಹೋದಳು.

“ನಂಬರ್ ಇಲ್ಲದವ್ರು ಹೆಂಗ ಒಳಗ ಹೋದ್ರು? ಯಾರ ಕಡೇಂದ ಬಂದಾರವ್ರು?”

“ಲಾರಿ ಕಡೇಂದ ಬಂದಾರ್ರಿ ಯವ್ವಾ. ತಲಿ ಒಡದೈತಿ, ಕಾಣಸಂಗಿಲ್ಲೇನು?”

ಸಾವಂತ್ರೆವ್ವ ಬಗ್ಗಿ, ನೆಲದ ಮೇಲೆ ಬಿದ್ದಿದ್ದ ಹನಿ ರಕ್ತವೇ ಹೌದೋ ಅಲ್ಲವೋ ಎಂದು ನೋಡಿದಳು. ರಕ್ತವೇ. ಆದರೂ ಪೂರ್ತಿ ಸಮಾಧಾನವಾಗಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಕುಡಿಯುವ ನೀರಿನ ನಳ ಇದ್ದದ್ದು ವಾರ್ಡಿನ ಒಳಗೆ. ಏಳೂ ಮುಕ್ಕಾಲಿಗೆ ಬಾಟಲಿ ಹಿಡಿದು ಆ ನೆವದಲ್ಲಿ ಒಳಗೆ ಹೊಕ್ಕಳು. ಆಗಲೇ ಆಕೆಯ ಕಣ್ಣೆದುರೇ ಹದಿನಾಲ್ಕನೇ ಬೆಡ್ಡಿನ ರೋಗಿಯನ್ನು ಆಪರೇಶನ್ನಿಗೆಂದು ಮೇಲಿನ ಮಹಡಿಗೆ ಒಯ್ದರು. ಆಯಾ ಬಂದು ಹಳೆಯ ಚಾದರ ತೆಗೆದು, ಹೊಸದು ಹಾಸಿ, ದಿಂಬು ಕುಟ್ಟಿ ಇಟ್ಟು ಹೋದಳು. ಬೆಡ್ಡು ಬರಿದಾಗಿ ಬಿದ್ದುಕೊಂಡಿತು.

ಒಂದು, ಎರಡು ಆಗಿವೆ. ಮುಂದಿನದು ಮೂರು. ಕಾಯಿದೆಯ ಪ್ರಕಾರ ಈ ಬೆಡ್ಡು ತಮಗೇ ಬರಬೇಕು. ಸಾವಂತ್ರೆವ್ವನಿಗೆ ಭಯ ಹತ್ತಿದ್ದೇ ಅದಕ್ಕೆ. ಕಾಯಿದೆಯ ಪ್ರಕಾರ ತನಗೆ ಬರಬೇಕಾದದ್ದು ಬಂದೇ ಬಿಟ್ಟದ್ದನ್ನು ಆಕೆ ಈ ಜನ್ಮದಲ್ಲಿ ಕಂಡಿರಲಿಲ್ಲ.

ಆದರೆ ಕಾಯಿದೆಗಿಂತ ಗಟ್ಟಿಯಾದದ್ದೊಂದು ಆಕೆಗೆ ಗೊತ್ತಿತ್ತು. ಕಲಘಟಗಿಯ ಬಸ್ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ವಲ್ಲಿ ಒಗೆಯುತ್ತಾರೆ. ಹೆಗಲ ಮೇಲಿನ ಆ ಮೊಳದುದ್ದದ ಬಟ್ಟೆ ಸೀಟಿನ ಮೇಲೆ ಬಿತ್ತೆಂದರೆ ಆಯಿತು. ಆಮೇಲೆ ಹೊಡೆದಾಡುವ ಗಂಡಸರೂ ಅದನ್ನು ಎತ್ತಿ ಬಿಸಾಡುವುದಿಲ್ಲ. ‘ಇಲ್ಲಿ ವಲ್ಲಿ ಐತ್ರಿ’ ಎಂದರೆ ಮಾಜಿ ಪಂಚಾಯಿತಿ ಅಧ್ಯಕ್ಷರೂ ನಿಂತೇ ಹೋಗಬೇಕು. ಮಾಸ್ಕು ಹಾಕುವಾಗ ಗಂಡನ ಹೆಗಲಿಂದ ತೆಗೆದ ಕೆಂಪು ಅಂಚಿನ ವಲ್ಲಿ ಆಕೆಯ ಕೈಯಲ್ಲೇ ಇತ್ತು. ಅತ್ತಿತ್ತ ನೋಡಿ, ಹದಿನಾಲ್ಕನೇ ಬೆಡ್ಡಿನ ನಟ್ಟನಡುವೆ ಅದನ್ನು ಹಾಸಿದಳು.

ಬರೀ ವಲ್ಲಿ ಇದ್ದರೆ ಸಂಶಯ ಬಂದೀತೆಂದು ದಿಂಬಿನ ಬದಿಗೆ ನೀರಿನ ಬಾಟಲಿ, ಕಾಲ ಕಡೆಗೆ ಕಂಕುಳಲ್ಲಿದ್ದ ರೊಟ್ಟಿಯ ಗಂಟು ಇಟ್ಟಳು. ಚಾದರವನ್ನು ಕೈಯಿಂದ ಮುದುಡಿ, ಯಾರೋ ಮಲಗಿ ಎದ್ದುಹೋದಂತೆ ಮಾಡಿದಳು. ತಾನು ಪಕ್ಕದ ಸ್ಟೂಲಿನ ಮೇಲೆ ಕೂತಳು. ಬಾಗಿಲ ಸಂದಿಯಿಂದ ಪಡಸಾಲೆಯ ಸ್ಟ್ರೆಚರು ಪೂರ್ತಿ ಅಲ್ಲದಿದ್ದರೂ ಗಂಗಪ್ಪನ ಎರಡು ಪಾದ ಕಾಣುತ್ತಿದ್ದವು. ಹಿಮ್ಮಡಿ ಒಡೆದ, ಗದ್ದೆಯ ಮಣ್ಣು ಇನ್ನೂ ಹೋಗದ ಪಾದ. ಮಾಂತೇಶ ಬಂದರೆ ಸ್ಟ್ರೆಚರನ್ನು ಸರ್‍ರಂತ ತಂದುಬಿಡಬೇಕು, ಅಷ್ಟೆ. ತಾನೇ ಎದ್ದು ಹೋದರೆ ಬೆಡ್ಡು ಹೋಗುತ್ತದೆ. ವಾರ್ಡ್‌ಬಾಯ್‌ಗೆ ಹೇಳಿದರೆ ಗುಟ್ಟು ಹೋಗುತ್ತದೆ.

ಎಂಟಕ್ಕೆ ಶಿಫ್ಟು ಬದಲಾಯಿತು. ಹಳೆಯ ಸಿಸ್ಟರು ಹೋಗಿ ರೋಹಿಣಿ ಎಂಬ ಹೊಸ ಸಿಸ್ಟರು ಬಂದರು. ಬಂದವರೇ ಫೈಲು ಹಿಡಿದು ನೇರ ಹದಿನಾಲ್ಕನೇ ಬೆಡ್ಡಿನ ಮುಂದೆ ನಿಂತು ಹುಬ್ಬು ಗಂಟಿಕ್ಕಿದರು.

“ಇಲ್ಲಿ ಯಾರದಾರ್ರಿ?”

ಸಾವಂತ್ರೆವ್ವ ಸ್ಟೂಲನ್ನು ಬೆಡ್ಡಿಗೆ ಒತ್ತಿ ಕೂತಳು. ಬಂತು ನೋಡು, ಯಾರೋ ದೊಡ್ಡವರ ಮನುಷ್ಯನನ್ನು ಮಲಗಿಸಲು ಬಂದಿದ್ದಾಳೆ ಎಂದುಕೊಂಡಳು. “ನಮ್ಮ ಪೇಶಂಟ್ ಅದಾರ್ರಿ. ಸ್ಕ್ಯಾನಿಂಗಿಗೆ ಹೋಗ್ಯಾರ.”

“ಹೆಸರು?”

ಗಂಗಪ್ಪ ಎಂದರೆ ನಂಬರು ಮೂರು, ಇನ್ನೂ ಹೊರಗಿದ್ದಾನೆ ಎಂದು ಗೊತ್ತಾಗಿಬಿಡುತ್ತದೆ. ಬದುಕಿರುವವರ ಹೆಸರು ಹೇಳಿ ಸುಳ್ಳಾಡಿದರೆ ಅವರಿಗೆ ಕೇಡು ತಟ್ಟೀತು. ಯೋಚಿಸುವ ಮೊದಲೇ ನಾಲಿಗೆ ಮೇಲೆ ಒಂದು ಹೆಸರು ಬಂದು ಕೂತಿತ್ತು.

“ಭರಮಪ್ಪ ಅಂತರಿ.”

“ನನ್ನ ಲಿಸ್ಟಿನಾಗ ಇಲ್ಲಲ್ಲ?”

“ಮೊದಲಿನ ಸಿಸ್ಟರ್ ಇದ್ರಲ್ರಿ, ಅವ್ರ ಕೊಟ್ಟಾರ. ಅವ್ರನ್ನ ಕೇಳ್ರಿ.”

ಮೊದಲಿನ ಸಿಸ್ಟರು ಅಷ್ಟು ಹೊತ್ತಿಗೆ ಮನೆಯ ಬಸ್ಸು ಹತ್ತಿದ್ದರು. ಅತ್ತ ಏಳನೇ ಬೆಡ್ಡಿನವರು ಸಲೈನ್ ಮುಗಿಯಿತೆಂದು ಕೂಗುತ್ತಿದ್ದರು. ರೋಹಿಣಿ ಸಿಸ್ಟರು ಬೆಡ್ಡನ್ನೂ ವಲ್ಲಿಯನ್ನೂ ರೊಟ್ಟಿಯ ಗಂಟನ್ನೂ ಒಮ್ಮೆ ನೋಡಿ, ಫೈಲಿನಲ್ಲಿ ಏನನ್ನೋ ಹೊಡೆದು ಹಾಕಿ, ಗೊಣಗುತ್ತ ಹೋದರು. ಸಾವಂತ್ರೆವ್ವನಿಗೆ ಒಳಗೊಳಗೇ ಹಿಗ್ಗು. ಹನ್ನೆರಡು ವರ್ಷದ ಹಿಂದೆ ತನಗೆ ಇಷ್ಟು ಬುದ್ಧಿ ಇದ್ದಿದ್ದರೆ ಅಣ್ಣ ಉಳಿಯುತ್ತಿದ್ದ ಎಂದು ಕಣ್ಣು ತುಂಬಿಕೊಂಡಳು.

ಒಂಬತ್ತಾಯಿತು. ಮಾಂತೇಶನಿಗೆ ಫೋನು ಹಚ್ಚಿದಳು.

“ಲ್ಯಾಬಿನಾಗ ಪಾಳಿ ಭಾಳ ಐತಿ ದೊಡ್ಡವ್ವಾ. ರಿಪೋರ್ಟ್ ಹನ್ನೊಂದಕ್ಕಂತ. ಬಿಟ್ಟು ಬಂದ್ರ ಮತ್ತ ಮೊದಲಿಂದ ನಿಂದರಬೇಕು. ಯಾಕ, ಏನಾತು?”

ಏನಾಯಿತೆಂದು ಹೇಳಲು ಬಾಯಿ ತೆರೆದಳು. ಹದಿಮೂರನೇ ಬೆಡ್ಡಿನವಳು ಇತ್ತ ಕಿವಿ ಕೊಟ್ಟಂತೆ ಕಂಡಿತು. “ಏನಿಲ್ಲ, ಲಗೂನ ಬಾ,” ಎಂದಷ್ಟೇ ಹೇಳಿ ಫೋನು ಇಟ್ಟಳು.

ಒಂಬತ್ತೂವರೆ. ಹತ್ತು. ವಾರ್ಡಿನಲ್ಲಿ ಬೇರೆ ಯಾವ ಬೆಡ್ಡೂ ಖಾಲಿಯಾಗಲಿಲ್ಲ. ಹೊರಗೆ ಸ್ಟ್ರೆಚರಿನ ಮೇಲೆ ಆ ಎರಡು ಪಾದ ಹಾಗೇ ಇದ್ದವು. ಒಂದು ಖಾಲಿ ಬೆಡ್ಡನ್ನು ಸಾವಂತ್ರೆವ್ವ ಕಾಯುತ್ತಿದ್ದಳು, ಆ ಬೆಡ್ಡಿಗಾಗಿ ಇಪ್ಪತ್ತು ಹೆಜ್ಜೆ ಆಚೆ ಆಕೆಯ ಗಂಡ ಕಾಯುತ್ತಿದ್ದ. ಆ ಜುಲೇಖಾಬಿ ಆಗಾಗ ಎದ್ದು ಗಂಗಪ್ಪನ ಸ್ಟ್ರೆಚರಿನ ಹತ್ತಿರ ಸುಳಿಯುವುದು ಕಾಣುತ್ತಿತ್ತು. ಚೀಟಿ ಬದಲಿಸುತ್ತಾಳೇನು? ಮೂರನ್ನು ಹರಿದು ನಾಲ್ಕು ಅಂಟಿಸಿದರೆ ಯಾರು ಕೇಳಬೇಕು? ಕೂತಲ್ಲೇ ಕುತ್ತಿಗೆ ಉದ್ದ ಮಾಡಿ ನೋಡಿದಳು. ಚೀಟಿ ಕಾಣಲಿಲ್ಲ.

ಹತ್ತೂವರೆ ದಾಟಿರಬೇಕು. ಪಾದಗಳು ಅಲುಗಿದವು. ಮೊದಲು ಬೆರಳು, ಆಮೇಲೆ ಎರಡೂ ಹಿಮ್ಮಡಿ ಒಂದಕ್ಕೊಂದು ಉಜ್ಜತೊಡಗಿದವು. ಸಾವಂತ್ರೆವ್ವ ಎದ್ದು ನಿಂತಳು. ಸಂದಿಯಲ್ಲಿ ಜುಲೇಖಾಬಿ ಬಗ್ಗಿದ್ದು, ಆಕೆಯ ಕೈ ಗಂಗಪ್ಪನ ಸಿಲಿಂಡರಿನ ತಿರುಪಿನ ಮೇಲೆ ಇದ್ದದ್ದು ಕಂಡಿತು.

ಗಾಳಿ ಕದಿಯುತ್ತಿದ್ದಾಳೆ! ತನ್ನ ಗಂಡನಿಗೆ ಸಾಲದೆಂದು ಇವನದನ್ನು ಬಿಚ್ಚುತ್ತಿದ್ದಾಳೆ!

ಒಂದು ಗಳಿಗೆ ಸಾವಂತ್ರೆವ್ವ ಬೆಡ್ಡಿನ ಕಡೆ ನೋಡಿದಳು, ಒಂದು ಗಳಿಗೆ ಬಾಗಿಲ ಕಡೆ. ಆಮೇಲೆ ವಲ್ಲಿಯನ್ನು ಅದರ ಪಾಡಿಗೆ ಬಿಟ್ಟು ಓಡಿದಳು. ಓಡಿಬಂದವಳೇ ಜುಲೇಖಾಬಿಯ ಮುಂಗೈ ಹಿಡಿದು ಜಗ್ಗಿದಳು.

“ಏನ್ ಬಿಚ್ಚಾಕತ್ತೀಬೇ? ನಮ್ಮ ಗಾಳೀನೂ ಬೇಕೇನು ನಿನಗ? ಮುಂಜಾನಿಂದ ನೋಡಾಕತ್ತೀನಿ ನಿನ್ನ ಆಟ!”

ಜುಲೇಖಾಬಿ ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಗಡಿಯಾರದಂಥ ಆ ಮಾಪಕವನ್ನು ತೋರಿಸಿದಳು. ಮುಳ್ಳು ಕೆಂಪು ಗೀಟು ದಾಟಿ ತಳಕ್ಕೆ ಮಲಗಿತ್ತು.

“ಮೊದಲ ಇಲ್ಲಿ ನೋಡ್ರಿ! ಗಾಳಿ ಎಲ್ಲೈತಿ ಕದಿಯಾಕ? ಮಾಪೀನ ತಪ್ಪಾಗೇತೇನೋ ಅಂತ ತಿರುವಿ ನೋಡಿದೆ. ಕಾವಲಿನವನ್ನ ಸಿಲಿಂಡರಿಗೆ ಓಡಿಸೀನಿ. ಎರಡು ಸಲ ನಿಮ್ಮನ್ನ ಕೂಗಿದೆ, ನೀವೆಲ್ಲಿ ಹೋಗಿದ್ರಿ?”

ಗಂಗಪ್ಪನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಣ್ಣು ಹೆಂಡತಿಯ ಕಡೆ ಹೊರಳಿದವು, ಆದರೆ ಗುರುತು ಹಿಡಿದಂತೆ ಕಾಣಲಿಲ್ಲ. ಸಾವಂತ್ರೆವ್ವ ಜುಲೇಖಾಬಿಯ ಮುಂಗೈಯನ್ನು ಹಿಡಿದೇ ಇದ್ದಳು, ಈಗ ಜಗ್ಗಲು ಅಲ್ಲ, ಬೀಳದಿರಲು. ಅಷ್ಟರಲ್ಲಿ ವಾರ್ಡ್‌ಬಾಯ್ ತುಂಬಿದ ಸಿಲಿಂಡರನ್ನು ಗಡಗಡ ಉರುಳಿಸಿಕೊಂಡು ಬಂದ. ಹಳೆಯದನ್ನು ಕಳಚಿ ಹೊಸದನ್ನು ಜೋಡಿಸಿದ. ಹಿಂದೆಯೇ ಗದ್ದಲ ಕೇಳಿ ರೋಹಿಣಿ ಸಿಸ್ಟರು ಓಡಿಬಂದರು. ಗಂಗಪ್ಪನ ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿ, ಒಂದು ನಿಮಿಷ ಅವನ ಎದೆ ಏರಿಳಿಯುವುದನ್ನೇ ನೋಡುತ್ತ ನಿಂತರು. ತುಟಿಯ ಬಣ್ಣ ಹಗೂರಕೆ ತಿಳಿಯಾಗತೊಡಗಿತು.

ಪ್ರಾಣ ಮರಳಿದ್ದನ್ನು ಕಂಡ ಸಾವಂತ್ರೆವ್ವನಿಗೆ ಬಾಯಿಯೂ ಮರಳಿ ಬಂತು.

“ಆರೂವರೆಯಿಂದ ಬಿದ್ದಾರ್ರಿ ಇವ್ರು! ಮೂರನೇ ನಂಬರ್ ಅಂದ್ರಿ. ನಮ್ಮ ಬೆಡ್ ಯಾರಿಗೆ ಕೊಟ್ರಿ ಹೇಳ್ರಿ? ಯಾರ ತಿಂದ್ರು ನಮ್ಮ ಬೆಡ್ಡು?”

ಸಿಸ್ಟರು ಸ್ಟ್ರೆಚರಿನ ಚೀಟಿ ಓದಿದರು. ಕಂಕುಳಲ್ಲಿದ್ದ ಫೈಲು ತೆರೆದರು.

“ಗಂಗಪ್ಪ, ತಂಬೂರು. ನಿಮಗ ಏಳೂ ಐವತ್ತಕ್ಕ ಬೆಡ್ ಬರೆದಾರ್ರಿ. ಹಳೇ ಸಿಸ್ಟರ್ ಸಹಿ ಸೈತ ಐತಿ ನೋಡ್ರಿ. ಹದಿನಾಲ್ಕನೇ ಬೆಡ್ಡು.”

ಸಿಸ್ಟರು ಫೈಲನ್ನು ಸಾವಂತ್ರೆವ್ವನ ಕಡೆ ತಿರುಗಿಸಿದರು.

“ನಾನ ಬಂದಿದ್ದೆ ಇವ್ರನ್ನ ಒಳಗ ತಗೊಳ್ಳಾಕ. ಮೊದಲ ಬೆಡ್ ನೋಡೂಣು ಅಂತ ಹೋದ್ರ, ಅಲ್ಲಿ ಯಾರೋ ಭರಮಪ್ಪ ಅನ್ನಾವ ಇದ್ದ, ಸ್ಕ್ಯಾನಿಂಗಿಗೆ ಹೋಗ್ಯಾನಂದ್ರು. ನಂಬರ್ ತಪ್ಪು ಬರೆದಾರಂತ ಆ ಸಿಸ್ಟರ್ ಮ್ಯಾಲ ನಾನ ಸಂಶಯಪಟ್ಟು, ಹೊಡೆದು ಹಾಕಿದೆ. ಎರಡೂವರಿ ತಾಸಾತು, ಆ ಭರಮಪ್ಪ ಇನ್ನೂ…” ಎನ್ನುತ್ತ ತಲೆ ಎತ್ತಿದ ರೋಹಿಣಿ ಸಿಸ್ಟರು ಸಾವಂತ್ರೆವ್ವನ ಮುಖವನ್ನು ಈಗ ಸರಿಯಾಗಿ ನೋಡಿದರು. “ನೀವ ಅಲ್ಲೇನ್ರಿ ಸ್ಟೂಲ್ ಮ್ಯಾಲ ಕುಂತಿದ್ದವ್ರು?”

ಸಾವಂತ್ರೆವ್ವ ಗಂಗಪ್ಪನ ಮಾಸ್ಕಿನ ದಾರ ಸರಿಮಾಡತೊಡಗಿದಳು.

“ಭರಮಪ್ಪ ಯಾರ್ರಿ?”

“ನಮ್ಮಣ್ಣರಿ.”

“ಎಲ್ಲದಾನ ಈಗ?”

ಸಾವಂತ್ರೆವ್ವ ಗೋಡೆಯ ಬುಡದ ಕಡೆ ನೋಡಿದಳು. “ಅವ ಹ್ವಾದ್ನರಿ. ಹನ್ನೆರಡು ವರ್ಷಾತು. ಇಲ್ಲೇ, ಬೆಡ್ ಸಿಗಲಿಲ್ಲ ಅವಗ.”

ಸಿಸ್ಟರಿಗೆ ಒದರಬೇಕೆಂದು ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಆದರೆ ಪಡಸಾಲೆಯ ಜನಕ್ಕೆ ಅಂಥ ದಾಕ್ಷಿಣ್ಯವಿರಲಿಲ್ಲ. “ತಾ ಕಳ್ಳ, ಪರರ ನಂಬ,” ಎಂದು ಮೂಲೆಯಿಂದ ಒಂದು ಗಂಡು ದನಿ ಕೇಳಿಸಿತು. ಸಾವಂತ್ರೆವ್ವ ಮರುಮಾತಾಡಲಿಲ್ಲ. ಅವಳ ಆಯುಷ್ಯದಲ್ಲಿ ಅದು ಮೊದಲ ಸಲ.

ಹನ್ನೊಂದಕ್ಕೆ ಗಂಗಪ್ಪನನ್ನು ಹದಿನಾಲ್ಕನೇ ಬೆಡ್ಡಿಗೆ ತಂದು, ಗೋಡೆಯ ಆಕ್ಸಿಜನ್ ಹಚ್ಚಿದರು. ಬೆಡ್ಡಿನ ಮೇಲಿನ ವಲ್ಲಿಯನ್ನು ಎತ್ತಬೇಕಾದವಳು ಸಾವಂತ್ರೆವ್ವನೇ. ಮೂರು ತಾಸು ಯಾರೂ ಅದನ್ನು ಮುಟ್ಟಿರಲಿಲ್ಲ. ಬಸ್ಸಿನ ಕಾಯಿದೆಯನ್ನು ದವಾಖಾನೆಯೂ ಚಾಚೂ ತಪ್ಪದೆ ಪಾಲಿಸಿತ್ತು. ಹನ್ನೆರಡು ವರ್ಷ ತಡವಾಗಿ ಅಣ್ಣನಿಗೆ ಬೆಡ್ಡು ಸಿಕ್ಕಿತ್ತು, ಗಂಡನ ಬೆಡ್ಡು. ಕೊಡಿಸಿದವಳು ತಾನೇ. ಸಾವಂತ್ರೆವ್ವ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅತ್ತಳು.

ಅರ್ಧ ತಾಸಿನ ಮೇಲೆ ರಿಪೋರ್ಟು ಹಿಡಿದು ಬೆವರುತ್ತ ಬಂದ ಮಾಂತೇಶ, ದೊಡ್ಡಪ್ಪ ಬೆಡ್ಡಿನ ಮೇಲೆ ಮಲಗಿದ್ದನ್ನು ಕಂಡು ಖುಷಿಯಾದ.

“ಅಡ್ಡಿಯಿಲ್ಲ ದೊಡ್ಡವ್ವಾ! ಹೆಂಗ ಹಿಡದಿ ಸೀಟು? ವಲ್ಲಿ ಒಗದಿದ್ದೇನು?”

ಅವನು ನಕ್ಕ. ಸಾವಂತ್ರೆವ್ವ ನಗಲಿಲ್ಲ.

ಮಧ್ಯಾಹ್ನ ಎರಡಕ್ಕೆ ಹದಿನೈದನೇ ಬೆಡ್ಡಿನವರು ಮನೆಗೆ ಹೊರಟರು. ಆಯಾ ಚಾದರ ಬದಲಿಸಿದಳು. ಬೆಡ್ಡು ಬರಿದಾಯಿತು. ಹೊರಗೆ ಪಡಸಾಲೆಯಲ್ಲಿ ನಾಲ್ಕನೇ ನಂಬರು ಇನ್ನೂ ಅಲ್ಲೇ ಇತ್ತು. ಸಾವಂತ್ರೆವ್ವನ ಕೈಯೊಳಗಿನ ವಲ್ಲಿ ತಾನಾಗಿಯೇ ಬಿಚ್ಚಿಕೊಳ್ಳತೊಡಗಿತು. ಒಂದು ಸಲ ಹಾಸಿಬಿಟ್ಟರೆ ಆ ಹೆಣ್ಣುಮಗಳಿಗೆ ಬೆಡ್ಡು ಖಾಯಂ. ತಡೆದುಕೊಂಡಳು. ವಲ್ಲಿಯನ್ನು ಗಂಗಪ್ಪನ ದಿಂಬಿನ ಕೆಳಗೆ ತುರುಕಿ, ಬರಿಗೈಯಲ್ಲಿ ಸಿಸ್ಟರ ಮೇಜಿನ ಮುಂದೆ ಹೋಗಿ ನಿಂತಳು.

“ಹದಿನೈದು ಖಾಲಿ ಆತ್ರಿ ಸಿಸ್ಟರ್.”

ರೋಹಿಣಿ ಸಿಸ್ಟರು ಬರೆಯುವುದನ್ನು ನಿಲ್ಲಿಸಲಿಲ್ಲ. “ಈ ಸಲ ಯಾರ ಹೆಸರು ಹೇಳ್ತೀರಿ?”

“ಮಕ್ತುಮಸಾಬರು, ನವಲಗುಂದ. ನಾಕನೇ ನಂಬರ್. ಖರೇನರಿ.”

ಸಿಸ್ಟರು ಎದ್ದು ಬಂದರು. ಹದಿನೈದನೇ ಬೆಡ್ಡಿನ ಚಾದರ ಎತ್ತಿ ನೋಡಿದರು, ದಿಂಬು ಎತ್ತಿ ನೋಡಿದರು, ಬಗ್ಗಿ ಕೆಳಗೆ ಯಾರ ಚಪ್ಪಲಿಯಾದರೂ ಇವೆಯೇ ಎಂದು ನೋಡಿದರು. ಸಾವಂತ್ರೆವ್ವ ತಲೆ ತಗ್ಗಿಸಿ ನಿಂತೇ ಇದ್ದಳು. ಇಷ್ಟು ವರ್ಷ ತಾನು ಜಗತ್ತನ್ನು ನೋಡಿದ್ದ ನೋಟ ಅದು. ಆ ನೋಟದೆದುರು ನಿಂತಾಗ ಮೈ ಹೇಗೆ ಕುಗ್ಗುತ್ತದೆ ಎಂದು ಇಂದು ಗೊತ್ತಾಯಿತು. ಸಿಸ್ಟರು ಫೈಲಿನಲ್ಲಿ ಬರೆದು, “ಹೋಗಿ ಹೇಳ್ರಿ, ವಾರ್ಡ್‌ಬಾಯ್‌ನ ಕಳಸ್ತೀನಿ,” ಎಂದರು.

ಜುಲೇಖಾಬಿ ಜಮಖಾನೆಯ ಮೇಲೆ ಕೂತು ಗಂಡನ ಬಾತ ಕಾಲು ತಿಕ್ಕುತ್ತಿದ್ದಳು. ಸಾವಂತ್ರೆವ್ವ ಆಕೆಯ ಎದುರು ನೆಲಕ್ಕೇ ಕೂತಳು.

“ನಿಮಗ ಬೆಡ್ ಬಂದೈತ್ರಿ. ಹದಿನೈದು. ನಮ್ಮ ಬಾಜೂಕ. ನಾ ಮುಂಜಾನಿ ಅಂದದ್ದು… ತಪ್ಪಾತ್ರಿ.”

ಜುಲೇಖಾಬಿ ಕಾಲು ತಿಕ್ಕುವುದನ್ನು ನಿಲ್ಲಿಸಿದಳು. ಮುಂಗೈ ಮೇಲೆ ಸಾವಂತ್ರೆವ್ವನ ಉಗುರಿನ ಗುರುತು ಇನ್ನೂ ಕೆಂಪಗಿತ್ತು.

“ಖರೇನರಿ?” ಎಂದು ಕೇಳಿದಳು.

“ಖರೇನ.”

“ನಾ ಒಮ್ಮೆ ನೋಡಿ ಬರ್ತೀನಿ,” ಎಂದು ಜುಲೇಖಾಬಿ ಎದ್ದಳು. ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. ಗಂಡನನ್ನೂ ಸಾವಂತ್ರೆವ್ವನನ್ನೂ ನೋಡಿದಳು. “ನೀವು ಇಲ್ಲೇ ಕುಂದರ್ರಿ ಅಕ್ಕಾರ. ಇವ್ರ ಮುಳ್ಳು ನೋಡ್ಕೋತ ಇರ್ರಿ. ಎಲ್ಲೂ ಹೋಗಬ್ಯಾಡ್ರಿ.”

ಸಾವಂತ್ರೆವ್ವ ಜಮಖಾನೆಯ ತುದಿಗೆ ಸರಿದು ಕೂತಳು. ವಾರ್ಡ್‌ಬಾಯ್ ಬಂದು “ಸರೀರಿ ಯವ್ವಾ” ಎನ್ನುವ ತನಕ, ಮಕ್ತುಮಸಾಬರ ಸಿಲಿಂಡರಿನ ಮುಳ್ಳಿನ ಮೇಲಿಂದ ಅವಳು ಕಣ್ಣು ಕೀಳಲಿಲ್ಲ.